ಇಂಟರ್ನೆಟ್ ಬರುತ್ತೆ, ಪಕ್ಕದ ಕಂಪ್ಯೂಟರ್ ಮಾತ್ರ ಕಾಣಲ್ಲ: ಎಲ್ಲಿಂದ ಹುಡುಕೋದು

ಏಪ್ರಿಲ್ ಮೇ ತಿಂಗಳಲ್ಲಿ ಗುಡುಗು ಸಿಡಿಲು ಶುರುವಾಯ್ತು ಅಂದ್ರೆ ನಮ್ಮ ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಕಡೆ ರೌಟರ್‌ಗಳು ಸಾಲಾಗಿ ಹೋಗ್ತವೆ. ಯಾರೋ ಬಂದು ಹೊಸ ಡಬ್ಬ ಹಾಕ್ತಾರೆ, ಮೊಬೈಲಲ್ಲಿ ವಾಟ್ಸಾಪ್ ಬಂತಾ ಅಂತ ನೋಡ್ತಾರೆ, ಬಂತು ಅಂದ್ರೆ ಕೆಲಸ ಮುಗೀತು ಅಂತ ಹೊರಟುಬಿಡ್ತಾರೆ. ಮಾರನೇ ದಿನ ಎಸ್ಟೇಟ್ ಆಫೀಸಲ್ಲಿ ರೈಟರ್ (ಗುಮಾಸ್ತ) ಬಂದು ಚೆಕ್‌ರೋಲ್ (ಕೆಲಸದವರ ಹಾಜರಿ ಲೆಕ್ಕ) ಫೈಲ್ ತೆಗೆಯೋಕೆ ಹೋದ್ರೆ ಅದಿರೋ ಕಂಪ್ಯೂಟರ್ರೇ ಇಲ್ಲ. "ನೆಟ್ ಚೆನ್ನಾಗಿ ಬರ್ತಾ ಉಂಟು ಸಾರ್, ಒಳಗಿನ ಸಿಸ್ಟಮ್ ಮಾತ್ರ ಕಾಣ್ತಿಲ್ಲ" ಅಂತ ಫೋನ್.

ಇಲ್ಲಿ ಮೊದಲು ತಲೆಯಿಂದ ತೆಗೀಬೇಕಾದ್ದು ಏನಂದ್ರೆ, ಇಂಟರ್ನೆಟ್ ಬಂತು ಅನ್ನೋದು ಒಳಗಿನ ನೆಟ್‌ವರ್ಕ್ ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಪ್ರತಿ ಕಂಪ್ಯೂಟರ್ ರೌಟರ್ ತನಕ ಹೋಗಿ ಬಂದ್ರೆ ಇಂಟರ್ನೆಟ್ ಬರುತ್ತೆ ಅಷ್ಟೇ, ಒಂದು ಕಂಪ್ಯೂಟರ್ ಇನ್ನೊಂದರ ಹತ್ರ ಮಾತಾಡ್ತಿದೆಯಾ ಅನ್ನೋದು ಪೂರ್ತಿ ಬೇರೆ ಪ್ರಶ್ನೆ. ಹಾಗೇ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ನೆಟ್‌ವರ್ಕ್ ಅಂತ ಇರುತ್ತಲ್ಲ, ಅದರಲ್ಲಿ ಐಕಾನ್ ಬಂದಿಲ್ಲ ಅಂದ ತಕ್ಷಣ ಕನೆಕ್ಷನ್ ಇಲ್ಲ ಅಂತಾನೂ ಅಲ್ಲ. ಐಕಾನ್ ಇಲ್ಲದೇನೇ ಫೈಲ್ ಓಪನ್ ಆಗುತ್ತೆ, ಐಕಾನ್ ಇದ್ದೂ ಓಪನ್ ಆಗಲ್ಲ, ಎರಡೂ ಉಂಟು. ಹಾಗಾಗಿ ಆ ಕಿಟಕಿಯನ್ನ ರಿಫ್ರೆಶ್ ಮಾಡ್ತಾ ಕೂತ್ಕೊಂಡ್ರೆ ಟೈಮ್ ವೇಸ್ಟ್. ತಂತಿಯಿಂದ ಶುರು ಮಾಡಿ ಮೇಲೆ ಬನ್ನಿ.

(ನಾನು ಹೇಳ್ತಿರೋದೆಲ್ಲ ವಿಂಡೋಸ್ 10, 11 ಇರೋ ಸಣ್ಣ ಆಫೀಸು, ಹೋಂಸ್ಟೇ, ಜೆರಾಕ್ಸ್ ಅಂಗಡಿ ಇಂಥ ಕಡೆಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಆದ್ರೂ ಅರ್ಧಕ್ಕರ್ಧ ಜನ ಅದರಲ್ಲೇ ಇದ್ದಾರೆ ಅಂತ ನನಗೂ ಗೊತ್ತು.)

ತಂತಿ, ಲೈಟು

ಕಂಪ್ಯೂಟರ್ ಹಿಂದೆ ಕೇಬಲ್ ಹಾಕೋ ಜಾಗದಲ್ಲಿ ಪುಟ್ಟ ಲೈಟು ಇರುತ್ತೆ. ಕೇಬಲ್ ಹಾಕಿದ್ರೂ ಉರೀತಿಲ್ಲ ಅಂದ್ರೆ ಸಾಫ್ಟ್‌ವೇರ್ ಕಡೆ ತಲೆ ಹಾಕೋದೇ ಬೇಡ. ಸಿಡಿಲಿಗೆ ರೌಟರ್ ಒಂದೇ ಹೋಗಲ್ಲ, ಅದಕ್ಕೆ ಸಿಗಿಸಿದ್ದ ಕಂಪ್ಯೂಟರಿನ ಲ್ಯಾನ್ ಪೋರ್ಟೂ ಜೊತೆಗೆ ಹೋಗಿರುತ್ತೆ, ಮದರ್‌ಬೋರ್ಡ್ ಮಾತ್ರ ಆರಾಮಾಗಿ ಓಡ್ತಿರುತ್ತೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಬೇರೆ ಕೇಬಲ್ಲು, ರೌಟರಿನ ಬೇರೆ ಪೋರ್ಟು ಎರಡೂ ಬದಲಾಯಿಸಿ ನೋಡಿ, ಆಗ್ಲೂ ಕತ್ತಲೇ ಅಂದ್ರೆ ಒಂದು ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಹಾಕಿದ್ರೆ ಸಾಕು, ಬೋರ್ಡ್ ಬದಲಾಯಿಸೋ ಅಗತ್ಯ ಇಲ್ಲ.

ಲೈಟು ಉರಿದ್ರೂ ಒಂದು ಕೆಲಸ ಮಾಡಿ. ಅಡಾಪ್ಟರ್ ಸ್ಟೇಟಸ್ ಕಿಟಕಿ ತೆಗೆದು ಸ್ಪೀಡ್ ಎಷ್ಟಿದೆ ನೋಡಿ. ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ 100 ಎಂಬಿಪಿಎಸ್ ತೋರಿಸ್ತಿದ್ರೆ ಕೇಬಲ್ ಒಳಗಿನ ಎಂಟು ತಂತಿಯಲ್ಲಿ ಯಾವುದೋ ಒಂದು ಕೈಕೊಟ್ಟಿದೆ ಅಂತ ಲೆಕ್ಕ, ಯಾಕಂದ್ರೆ 100ಕ್ಕೆ 1, 2, 3, 6ನೇ ಪಿನ್ ನಾಲ್ಕೇ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಇವತ್ತು 100ರಲ್ಲಿ ನಡೀತಿರೋ ಆ ಕೇಬಲ್ ಜೂನ್ ಜುಲೈ ಥಂಡಿಗೆ ಪೂರ್ತಿ ಕೈಕೊಡುತ್ತೆ. ನಮ್ಮಲ್ಲಿ ಮಳೆಗಾಲದ ಕೇಬಲ್ ಕಥೆ ಹೇಳಬೇಕಾ, ಹಳೇ ಪ್ಲಗ್ ತೆಗೆದು ಬೆಳಕಿಗೆ ಹಿಡಿದ್ರೆ ಪಿನ್ ಮೇಲೆ ಹಸಿರು ಕಿಲುಬು ಕಾಣುತ್ತೆ. ಅದನ್ನ ಕೆರೆದು ಮತ್ತೆ ಹಾಕೋದಕ್ಕಿಂತ ಕತ್ತರಿಸಿ ಹೊಸ ಆರ್‌ಜೆ45 ಪ್ಲಗ್ ಕ್ರಿಂಪ್ ಮಾಡಿ (ಒತ್ತಿ ಕೂರಿಸಿ). ಬಣ್ಣದ ಸಾಲು ಎರಡೂ ತುದಿಯಲ್ಲಿ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಬಂಗಲೆಯಿಂದ ಆಫೀಸಿಗೆ, ಆಫೀಸಿಂದ ಗೋಡೌನಿಗೆ ಸಿಲ್ವರ್ ಓಕ್ ಮರದ ಮೇಲೆ ಲ್ಯಾನ್ ಕೇಬಲ್ ಎಳೆದಿರೋರು ಸ್ವಲ್ಪ ಗಮನ ಕೊಡಿ. ಒಂದು, ತಾಮ್ರದ ಕೇಬಲ್ ಒಂದೇ ಓಟಕ್ಕೆ 100 ಮೀಟರ್ ತನಕ ಮಾತ್ರ, ಅದಕ್ಕಿಂತ ಉದ್ದ ಆದ್ರೆ ಒಂದಿನ ಬರುತ್ತೆ ಒಂದಿನ ಇಲ್ಲ. ಎರಡನೇದು, ಎರಡು ಕಟ್ಟಡದ ಮಧ್ಯ ತಾಮ್ರ ಎಳೆದ್ರೆ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ರೂ ಸಾಕು ಎರಡೂ ಕಡೆ ಪೋರ್ಟ್ ಸುಡುತ್ತೆ. ಅಲ್ಲಿ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರನ್ನ ಲ್ಯಾನ್ ಕೇಬಲ್ಲಿಗೆ ಜೋಡಿಸೋ ಡಬ್ಬ) ಹಾಕೋದೇ ಸರಿ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಆದ್ರೆ ಡ್ರಾಪ್ ಫೈಬರ್ ಜೊತೆ ಆಸರೆಗೆ ಸ್ಟೀಲ್ ತಂತಿ ಇರುತ್ತೆ, ಅದನ್ನ ಹೊರಗಡೇನೇ ಬಿಡಿಸಿ ನಿಲ್ಲಿಸಿ, ಡಬ್ಬದ ತನಕ ಒಳಗೆ ತಂದ್ರೆ ಫೈಬರ್ ಹಾಕಿದ್ದೂ ದಂಡ.

ಅಡ್ರೆಸ್ ನೋಡೋದು

ಎರಡೂ ಕಂಪ್ಯೂಟರಲ್ಲಿ ಸಿಎಂಡಿ (ಸ್ಟಾರ್ಟಲ್ಲಿ cmd ಅಂತ ಹುಡುಕಿದ್ರೆ ಬರೋ ಕಪ್ಪು ಕಿಟಕಿ) ತೆಗೆದು ಐಪಿಕಾನ್ಫಿಗ್ (ipconfig) ಹೊಡೀರಿ. ಐಪಿವಿ4 ಅಡ್ರೆಸ್ (ನೆಟ್‌ವರ್ಕಲ್ಲಿ ಆ ಕಂಪ್ಯೂಟರಿನ ನಂಬರ್, ಮುಂದೆ ಬರೀ ಐಪಿ ಅಂತೀನಿ), ಸಬ್‌ನೆಟ್ ಮಾಸ್ಕ್ (ಆ ನಂಬರಲ್ಲಿ ಎಷ್ಟು ಭಾಗ ನೆಟ್‌ವರ್ಕಿನದು ಅಂತ ಹೇಳೋದು), ಡಿಫಾಲ್ಟ್ ಗೇಟ್‌ವೇ (ರೌಟರಿನ ಐಪಿ) ಮೂರನ್ನೂ ಒಂದು ಚೀಟಿಯಲ್ಲಿ ಬರ್ಕೊಳ್ಳಿ, ಬಾಯಲ್ಲಿ ನೆನಪಿಟ್ಕೊಂಡು ಆ ರೂಮಿಗೆ ಹೋಗೋದ್ರೊಳಗೆ ಮರೆತೋಗುತ್ತೆ.

ಒಂದರಲ್ಲಿ 169.254 ಅಂತ ಶುರುವಾಗೋ ನಂಬರ್ ಇದ್ರೆ ಅದಕ್ಕೆ ರೌಟರ್ ಅಡ್ರೆಸ್ಸೇ ಕೊಟ್ಟಿಲ್ಲ, ವಿಂಡೋಸ್ ತಾನೇ ಒಂದು ಹಾಕ್ಕೊಂಡಿದೆ. ಇಲ್ಲಿ ಕರೆಂಟ್ ಹೋಗಿ ಬರೋದು ದಿನಾ ಇರೋದ್ರಿಂದ ಇದು ತುಂಬಾ ಸಾಮಾನ್ಯ, ಕಂಪ್ಯೂಟರ್ ಬೇಗ ಎದ್ದು ಕೂತಿರುತ್ತೆ, ರೌಟರ್ ಇನ್ನೂ ಏಳ್ತಾ ಇರುತ್ತೆ. ಕೇಬಲ್ ಕಿತ್ತು ಹಾಕಿ, ಇಲ್ಲಾಂದ್ರೆ ಐಪಿಕಾನ್ಫಿಗ್ ಮುಂದೆ ಸ್ಲಾಶ್ ರಿನ್ಯೂ (ipconfig /renew) ಹಾಕಿ. ಪದೇ ಪದೇ ಹಿಂಗೇ ಆಗ್ತಿದ್ರೆ ರೌಟರಿಗೂ ಒಂದು ಸಣ್ಣ ಯುಪಿಎಸ್ ಹಾಕ್ಸಿ.

ಒಂದರಲ್ಲಿ 192.168.1.20, ಇನ್ನೊಂದರಲ್ಲಿ 192.168.29.35 ಅಂತಿದ್ರೆ, ಮಾಸ್ಕ್ 255.255.255.0 ಆಗಿದ್ರೆ, ಚುಕ್ಕೆಗಳ ಮಧ್ಯದ ಮೂರನೇ ನಂಬರ್ (1 ಮತ್ತೆ 29) ಬೇರೆ ಆದ್ದರಿಂದ ಎರಡೂ ಬೇರೆ ಬೇರೆ ನೆಟ್‌ವರ್ಕು. ಯಾವುದೋ ಕಾಲದಲ್ಲಿ ಯಾರೋ ಒಂದು ಕಂಪ್ಯೂಟರಿಗೆ ಕೈಯಲ್ಲೇ ಐಪಿ ಕಟ್ಟಿಟ್ಟಿರ್ತಾರೆ, ಹೊಸ ರೌಟರ್ ಬೇರೆ ಸೀರೀಸ್ ಕೊಡುತ್ತೆ, ಹಳೇದು ಹಳೇ ಜಾಗದಲ್ಲೇ ಉಳ್ಕೊಂಡಿರುತ್ತೆ. ಅದನ್ನ ಆಟೋಮ್ಯಾಟಿಕ್‌ಗೆ ಹಾಕಿ. ಫೈಲ್ ಇಟ್ಟಿರೋ ಕಂಪ್ಯೂಟರಿನ ಐಪಿ ಬದಲಾಗಬಾರದು ಅಂದ್ರೆ ರೌಟರ್ ಒಳಗೆ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತೆ, ಅಲ್ಲಿ ಕಟ್ಟಿ, ಕಂಪ್ಯೂಟರ್ ಒಳಗೆ ಬೇಡ.

ಎರಡು ರೌಟರ್ ಇರೋ ಮನೆ

ಹೋಂಸ್ಟೇಗಳಲ್ಲಿ ನಾನು ಜಾಸ್ತಿ ನೋಡೋದು ಇದನ್ನೇ, ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ. ಫೈಬರ್ ಡಬ್ಬ ರಿಸೆಪ್ಶನ್ನಲ್ಲಿ, ಹಿಂದಿನ ಕಾಟೇಜಿಗೆ ಸಿಗ್ನಲ್ ಹೋಗಲ್ಲ ಅಂತ ಅಂಗಡಿಯಿಂದ ಇನ್ನೊಂದು ವೈಫೈ ರೌಟರ್ ತಂದು ಕೇಬಲ್‌ನ ಅದರ ವ್ಯಾನ್ (WAN, ಹೊರಗಿನ ಇಂಟರ್ನೆಟ್ ಬರೋ ತೂತು) ಅಂತ ಬರೆದಿರೋ, ಬಣ್ಣ ಬೇರೆ ಇರೋ ಪೋರ್ಟಿಗೆ ಸಿಗಿಸ್ತಾರೆ. ಎಲ್ಲರಿಗೂ ಇಂಟರ್ನೆಟ್ ಬರುತ್ತೆ. ಆದ್ರೆ ಆ ಎರಡನೇ ರೌಟರ್ ತನ್ನ ಹಿಂದೆ ಇರೋರನ್ನೆಲ್ಲ ಮರೆಮಾಡಿ ಒಂದು ಬೇರೆ ಮನೇನೇ ಕಟ್ಕೊಂಡು ಕೂತಿರುತ್ತೆ. ಇದರ ಗುರುತು ಏನಂದ್ರೆ ಒಂದೇ ದಿಕ್ಕಿಗೆ ಕೆಲಸ ಆಗೋದು, ಹಿಂದಿನ ಕಾಟೇಜಿನ ಲ್ಯಾಪ್‌ಟಾಪಿಂದ ರಿಸೆಪ್ಶನ್ ಕಂಪ್ಯೂಟರಿಗೆ ಪಿಂಗ್ (ಇದ್ದೀಯಾ ಅಂತ ಕೂಗಿ ಉತ್ತರ ಕಾಯೋ ಕಮಾಂಡ್) ಹೋಗುತ್ತೆ, ರಿಸೆಪ್ಶನ್ನಿಂದ ಆ ಲ್ಯಾಪ್‌ಟಾಪಿಗೆ ಏನ್ ಮಾಡಿದ್ರೂ ಹೋಗಲ್ಲ.

ಇದಕ್ಕಿಂತ ತಲೆ ತಿನ್ನೋದು ಎರಡೂ ರೌಟರ್ ಅಡ್ರೆಸ್ 192.168.1.1 ಆಗಿರೋದು. ಆಗ ಎರಡು ಕಂಪ್ಯೂಟರಲ್ಲೂ ಐಪಿ ನೋಡಿದ್ರೆ ಒಂದೇ ಸೀರೀಸ್, ಗೇಟ್‌ವೇನೂ ಒಂದೇ, ಎಲ್ಲ ಸರಿಯಾಗೇ ಕಾಣುತ್ತೆ, ಆದ್ರೆ ಒಂದಕ್ಕೊಂದು ಸಿಗಲ್ಲ. ಕೆಲವು ರೌಟರ್ ಬುದ್ಧಿವಂತಿಕೆಯಿಂದ ತನ್ನ ನಂಬರ್ ತಾನೇ ಬದಲಾಯಿಸ್ಕೊಳ್ಳುತ್ತೆ, ಎಲ್ಲವೂ ಅಲ್ಲ. ಕಂಡುಹಿಡಿಯೋಕೆ ಸುಲಭದ ಉಪಾಯ ಇದೆ: ಎರಡೂ ಕಂಪ್ಯೂಟರಲ್ಲಿ ಎಆರ್‌ಪಿ ಅಂತ ಹೊಡೆದು ಒಂದು ಸ್ಪೇಸ್ ಬಿಟ್ಟು ಹೈಫನ್ ಎ ಹಾಕಿ (arp -a) ಎಂಟರ್ ಕೊಡಿ, ಐಪಿ ಪಟ್ಟಿ ಬರುತ್ತೆ, ಪ್ರತಿ ಐಪಿ ಎದುರಿಗೆ ಎರಡೆರಡು ಅಕ್ಷರದ ಆರು ಜೋಡಿ ಇರುತ್ತಲ್ಲ ಅದು ಮ್ಯಾಕ್ ಅಡ್ರೆಸ್, ಅಂದ್ರೆ ಡಬ್ಬದ ನಿಜವಾದ ಗುರುತು. 192.168.1.1ರ ಎದುರು ಒಂದು ಕಂಪ್ಯೂಟರಲ್ಲಿ ಒಂದು ಮ್ಯಾಕ್, ಇನ್ನೊಂದರಲ್ಲಿ ಬೇರೆ ಮ್ಯಾಕ್ ಇದ್ರೆ ಹೆಸರು ಒಂದೇ ಆದ್ರೂ ರೌಟರ್ ಎರಡು, ನೆಟ್‌ವರ್ಕೂ ಎರಡು.

ಸರಿ ಮಾಡೋದು ಹಿಂಗೆ. ಎರಡನೇ ರೌಟರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಕಟ್ಟದೆ ವೈಫೈ ಮಾತ್ರ ಹರಡೋದು) ಇದ್ರೆ ಅದಕ್ಕೆ ಹಾಕಿಬಿಡಿ, ಮುಗೀತು. ಇಲ್ಲಾಂದ್ರೆ ಮೊದಲು ಅದರ ಲ್ಯಾನ್ ಐಪಿಯನ್ನ ಮೊದಲನೇ ರೌಟರ್ ಸೀರೀಸಲ್ಲೇ ಯಾರಿಗೂ ಕೊಡದ ಒಂದು ನಂಬರಿಗೆ, ಉದಾಹರಣೆಗೆ 192.168.1.2ಕ್ಕೆ ಬದಲಾಯಿಸಿ, ಆಮೇಲೆ ಅದರ ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ಐಪಿ ಹಂಚೋ ಕೆಲಸ) ಆಫ್ ಮಾಡಿ, ಕೊನೆಗೆ ಕೇಬಲ್‌ನ ವ್ಯಾನಿಂದ ಕಿತ್ತು ಲ್ಯಾನ್ ಪೋರ್ಟಿಗೆ ಹಾಕಿ. ಕ್ರಮ ತಪ್ಪಿಸಬೇಡಿ, ಡಿಎಚ್‌ಸಿಪಿ ಆಫ್ ಮಾಡದೇ ಕೇಬಲ್ ಬದಲಾಯಿಸಿದ್ರೆ ಇಬ್ಬರೂ ಅಡ್ರೆಸ್ ಹಂಚೋಕೆ ಶುರು ಮಾಡ್ತಾರೆ, ಇದ್ದ ಇಂಟರ್ನೆಟ್ಟೂ ಹೋಗುತ್ತೆ.

ಅಂದ ಹಾಗೆ, ಗೆಸ್ಟ್ ವೈಫೈಗೆ ಆಫೀಸ್ ಲ್ಯಾಪ್‌ಟಾಪ್ ಕನೆಕ್ಟ್ ಮಾಡಿಟ್ಟು ಕಾಣ್ತಿಲ್ಲ ಅನ್ನೋರೂ ಇದ್ದಾರೆ. ಗೆಸ್ಟ್ ವೈಫೈ ಇರೋದೇ ಒಬ್ಬರಿಗೊಬ್ಬರು ಕಾಣಬಾರದು ಅಂತ. ಎಪಿ ಐಸೊಲೇಶನ್, ಕ್ಲೈಂಟ್ ಐಸೊಲೇಶನ್ ಅಂತ ಸೆಟ್ಟಿಂಗ್ ಇದ್ರೂ ಅದೇ ಕಥೆ. ಅತಿಥಿಗಳಿಗೆ ಅದು ಇರಲಿ, ಆಫೀಸ್ ಮೆಷಿನ್ನನ್ನ ಬೇರೆ ವೈಫೈಗೆ ಹಾಕಿ.

ಪಿಂಗ್ ಏನು ಹೇಳುತ್ತೆ

ಈಗ ಐಪಿ ಒಂದೇ ಸೀರೀಸಲ್ಲಿದೆ. ಸಿಎಂಡಿಯಲ್ಲಿ ಇನ್ನೊಂದು ಕಂಪ್ಯೂಟರಿನ ಐಪಿ ಹಾಕಿ ಪಿಂಗ್ 192.168.1.20 (ping 192.168.1.20) ಅಂತ ಹೊಡೀರಿ. ರಿಪ್ಲೈ ಬಂತು, ಒಳ್ಳೇದು. ಬರ್ಲಿಲ್ಲ, ಆಗ ಏನಂತ ಬರ್ಲಿಲ್ಲ ಅನ್ನೋದು ಮುಖ್ಯ, ಬಹಳ ಜನ ಇದನ್ನ ಓದೋದೇ ಇಲ್ಲ. "ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್" ಅಂತ, ಅದೂ ನಿಮ್ಮದೇ ಐಪಿಯಿಂದ ಬಂದ್ರೆ, ಆ ಅಡ್ರೆಸ್ಸಿನವರು ಯಾರು ಅಂತ ಕೂಗಿದ್ದಕ್ಕೆ ಯಾರೂ ಓಗೊಡ್ಲಿಲ್ಲ ಅಂತ ಅರ್ಥ, ಅಂದ್ರೆ ತಂತಿ, ವೈಫೈ ಐಸೊಲೇಶನ್ನು, ತಪ್ಪು ಐಪಿ, ಇಲ್ಲಾ ಆ ಕಂಪ್ಯೂಟರ್ ನಿದ್ದೆ ಮಾಡ್ತಿದೆ. "ರಿಕ್ವೆಸ್ಟ್ ಟೈಮ್ಡ್ ಔಟ್" ಅಂತ ಬಂದ್ರೆ ಸಾಮಾನ್ಯವಾಗಿ ಆ ಕಂಪ್ಯೂಟರ್ ಇದೆ, ಫೈರ್‌ವಾಲ್ (ಹೊರಗಿಂದ ಬರೋದನ್ನ ತಡೆಯೋ ಕಾವಲುಗಾರ ಸಾಫ್ಟ್‌ವೇರ್) ಬಾಗಿಲು ತೆಗೀತಿಲ್ಲ. ಖಾತ್ರಿ ಬೇಕಾ, ಪಿಂಗ್ ಮಾಡಿದ ತಕ್ಷಣ ಆ ಎಆರ್‌ಪಿ ಪಟ್ಟಿ ಇನ್ನೊಂದ್ಸಲ ನೋಡಿ. ಆ ಐಪಿ ಎದುರು ಮ್ಯಾಕ್ ಬಂದಿದ್ರೆ ತಂತಿ ಸರಿ ಇದೆ, ಇನ್ಮೇಲೆ ಕೇಬಲ್ ಮುಟ್ಟಬೇಡಿ. ಫೈರ್‌ವಾಲ್ ಪಿಂಗ್‌ನ ತಡೆದ್ರೂ ಎಆರ್‌ಪಿ ಉತ್ತರವನ್ನ ತಡೆಯಲ್ಲ, ಅದಕ್ಕೇ ನಾನು ಪಿಂಗಿಗಿಂತ ಇದನ್ನ ಜಾಸ್ತಿ ನಂಬೋದು.

ಹೊಸ ರೌಟರ್ ಹಾಕಿದ ಮೇಲೆ ಶೇರಿಂಗ್ ಯಾಕೆ ಹೋಗುತ್ತೆ

ಮೊದಲು ಹೇಳಿದ ಸಿಡಿಲಿನ ಕೇಸಲ್ಲಿ ಹೆಚ್ಚಾಗಿ ಸಿಕ್ಕೋದು ಇದು. ವಿಂಡೋಸ್ ಒಂದು ನೆಟ್‌ವರ್ಕನ್ನ ಗುರುತಿಡೋದು ಗೇಟ್‌ವೇ ಮ್ಯಾಕ್ ಅಡ್ರೆಸ್ ನೋಡ್ಕೊಂಡು. ರೌಟರ್ ಬದಲಾಯ್ತು ಅಂದ್ರೆ ಮ್ಯಾಕ್ ಬದಲಾಯ್ತು, ಅದಕ್ಕೆ ಇದು ಯಾವುದೋ ಹೊಸ ಜಾಗ, ಬಸ್‌ಸ್ಟ್ಯಾಂಡ್ ವೈಫೈ ಇರಬಹುದು ಅಂತ ಪಬ್ಲಿಕ್ ಅಂತ ಹಾಕ್ಕೊಳ್ಳುತ್ತೆ. ವೈಫೈ ಹೆಸರು, ಪಾಸ್‌ವರ್ಡ್ ಹಳೇದೇ ಇಟ್ರೂ ಹೀಗಾಗಬಹುದು. ಪಬ್ಲಿಕ್ ಆದ್ರೆ ನೆಟ್‌ವರ್ಕ್ ಡಿಸ್ಕವರಿ ಬಂದ್, ಫೈಲ್ ಶೇರಿಂಗ್ ಬಂದ್. ಸೆಟ್ಟಿಂಗ್ಸ್, ನೆಟ್‌ವರ್ಕ್, ಆ ಕನೆಕ್ಷನ್ನಿನ ಪ್ರಾಪರ್ಟೀಸ್ ಹೋಗಿ ಪ್ರೈವೇಟ್ ಮಾಡಿ, ಎಲ್ಲ ಕಂಪ್ಯೂಟರಲ್ಲೂ, ಒಂದರಲ್ಲಿ ಮಾಡಿ ಸುಮ್ನಾಗಬೇಡಿ. ಆಮೇಲೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸಲ್ಲಿ ಪ್ರೈವೇಟ್ ಕೆಳಗೆ ಡಿಸ್ಕವರಿ ಮತ್ತೆ ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎರಡೂ ಆನ್.

ಆನ್ ಮಾಡಿ ಹೊರಗೆ ಬಂದು ಮತ್ತೆ ನೋಡಿದ್ರೆ ಡಿಸ್ಕವರಿ ತಾನೇ ಆಫ್ ಆಗಿದ್ರೆ ಅದಕ್ಕೆ ಬೇಕಾದ ಸರ್ವಿಸ್ ಓಡ್ತಿಲ್ಲ ಅಂತ. ಸರ್ವಿಸಸ್ ಕಿಟಕಿಯಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್, ಎಸ್‌ಎಸ್‌ಡಿಪಿ ಡಿಸ್ಕವರಿ, ಯುಪಿಎನ್‌ಪಿ ಡಿವೈಸ್ ಹೋಸ್ಟ್, ಡಿಎನ್‌ಎಸ್ ಕ್ಲೈಂಟ್ ಇವು ನಡೀತಿವೆಯಾ ನೋಡಿ. ಸಿಸ್ಟಮ್ ಸ್ಪೀಡ್ ಮಾಡ್ತೀವಿ ಅಂತ ಯಾವುದೋ ಆಪ್ಟಿಮೈಜರ್ ಓಡಿಸಿದ್ದವರಲ್ಲಿ ಇವೆಲ್ಲ ಡಿಸೇಬಲ್ ಆಗಿರುತ್ತೆ. ಬೇರೆ ಕಂಪನಿಯ ಆಂಟಿವೈರಸ್ ಇದ್ರೆ ಅದಕ್ಕೂ ಒಂದು ಫೈರ್‌ವಾಲ್ ಇರುತ್ತೆ, ಅದರಲ್ಲೂ ಹೊಸ ನೆಟ್‌ವರ್ಕನ್ನ ಟ್ರಸ್ಟೆಡ್ ಮಾಡಬೇಕು, ವಿಂಡೋಸಲ್ಲಿ ಮಾಡಿದ್ದು ಅದಕ್ಕೆ ಗೊತ್ತಾಗಲ್ಲ.

ಇಲ್ಲಿಗೆ ಬಂದ ಮೇಲೆ ಐಕಾನ್ ಕಾಯಬೇಡಿ, ಅಡ್ರೆಸ್ ಬಾರಲ್ಲಿ ನೇರವಾಗಿ \\192.168.1.20 ಅಂತ ಹೊಡೀರಿ. ಫೋಲ್ಡರ್ ಬಂತಾ, ಕೆಲಸ ಆಯ್ತು, ಡ್ರೈವ್ ಮ್ಯಾಪ್ ಮಾಡಿ ಬಿಡಿ. ಐಪಿಯಲ್ಲಿ ಬರುತ್ತೆ ಹೆಸರಲ್ಲಿ ಬರಲ್ಲ ಅಂದ್ರೆ ತೊಂದರೆ ಹೆಸರಿಂದು ಮಾತ್ರ. ಎರಡಕ್ಕೂ ಒಂದೇ ಹೆಸರು ಇದೆಯಾ ನೋಡಿ, ಒಂದೇ ಇಮೇಜಿಂದ (ಇಡೀ ವಿಂಡೋಸಿನ ತದ್ರೂಪು ಪ್ರತಿಯಿಂದ) ಕಾಪಿ ಹೊಡೆದ ಮೆಷಿನ್ನುಗಳಲ್ಲಿ ಹಿಂಗಿರುತ್ತೆ, ಹೆಸರನ್ನ 15 ಅಕ್ಷರದೊಳಗೆ ಇಡಿ. ಐಪಿಯಲ್ಲೂ ಬರದೇ 80070035 ಅಂತ ಕೊನೆಯಾಗೋ ಎರರ್ ಬಂದ್ರೆ ಫೈಲ್ ಶೇರಿಂಗ್ ಬಳಸೋ 445ನೇ ಪೋರ್ಟ್ ಎಲ್ಲೋ ಮುಚ್ಚಿರೋ ಸಾಧ್ಯತೆ ಜಾಸ್ತಿ, ಮತ್ತೆ ಫೈರ್‌ವಾಲ್ ಕಡೆನೇ ಹೋಗಿ.

ಪಾಸ್‌ವರ್ಡ್ ಕೇಳ್ತಾ ಕೂರೋದು

ಇದು ಕಾಣದೇ ಇರೋ ಕಾಯಿಲೆ ಅಲ್ಲ, ಆದ್ರೆ ಕಂಪ್ಲೇಂಟ್ ಮಾತ್ರ ಅದೇ ಹೆಸರಲ್ಲಿ ಬರುತ್ತೆ. ವಿಂಡೋಸ್ ಲಾಗಿನ್ ಆಗೋ ನಾಲ್ಕಂಕಿ ಪಿನ್ ಇಲ್ಲಿ ನಡೆಯಲ್ಲ, ಅದು ಆ ಮೆಷಿನ್ ಮುಂದೆ ಕೂತವರಿಗೆ ಮಾತ್ರ. ಪಾಸ್‌ವರ್ಡೇ ಇಡದ ಯೂಸರ್ ಕೂಡ ನೆಟ್‌ವರ್ಕ್ ಮೇಲೆ ಒಳಗೆ ಬರಕ್ಕಾಗಲ್ಲ, ವಿಂಡೋಸ್ ಮೊದಲಿಂದಾನೇ ಹಾಗೆ ಇಟ್ಟಿದೆ. ಎಲ್ಲಕ್ಕಿಂತ ಸಲೀಸು ಅಂದ್ರೆ ಫೈಲ್ ಇರೋ ಕಂಪ್ಯೂಟರಲ್ಲಿ ಒಂದು ಲೋಕಲ್ ಯೂಸರ್ ಮಾಡಿ, ಅದಕ್ಕೆ ಪಾಸ್‌ವರ್ಡ್ ಇಡಿ, ಆ ಫೋಲ್ಡರಿಗೆ ಶೇರ್ ಪರ್ಮಿಶನ್ನೂ ಸೆಕ್ಯುರಿಟಿ ಟ್ಯಾಬಲ್ಲಿ ಪರ್ಮಿಶನ್ನೂ ಎರಡನ್ನೂ ಆ ಯೂಸರಿಗೆ ಕೊಡಿ. ಬೇರೆ ಕಂಪ್ಯೂಟರಲ್ಲಿ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆಗೆದು ಹಳೇ ಪಾಸ್‌ವರ್ಡ್ ಅಳಿಸಿ, ಆಮೇಲೆ ಕಂಪ್ಯೂಟರ್ ಹೆಸರು, ಬ್ಯಾಕ್‌ಸ್ಲಾಶ್, ಯೂಸರ್ ಹೆಸರು ಅಂತ ಹಾಕಿ. ಎವೆರಿವನ್‌ಗೆ ಫುಲ್ ಕಂಟ್ರೋಲ್ ಕೊಟ್ಟು ಪಾಸ್‌ವರ್ಡ್ ಶೇರಿಂಗ್ ಆಫ್ ಮಾಡೋದು ಬೇಗ ಆಗುತ್ತೆ ನಿಜ, ಆದ್ರೆ ಹೋಂಸ್ಟೇ ವೈಫೈನಲ್ಲಿ ಬರೋ ಹೋಗೋರೆಲ್ಲ ಇರ್ತಾರೆ, ಅಲ್ಲಿ ಆ ಕೆಲಸ ಮಾಡೋದನ್ನ ನಾನಂತೂ ಒಪ್ಪಲ್ಲ.

ಪಾಸ್‌ವರ್ಡ್ ನೂರಕ್ಕೆ ನೂರು ಸರಿ, ಆದ್ರೂ ತಗೋತಿಲ್ಲ, ಎರಡೂ ವಿಂಡೋಸ್ 11ರ 24ಎಚ್2 ಅಥವಾ 25ಎಚ್2 ವರ್ಷನ್, ಎರಡನ್ನೂ ಒಂದೇ ಇಮೇಜಿಂದ ಕ್ಲೋನ್ ಮಾಡಿದ್ದು ಅಂದ್ರೆ ಅದು ಬೇರೆ ಲೆಕ್ಕ. 2025ರ ಆಗಸ್ಟ್ ಕೊನೆಯಿಂದ ಬಂದ ಅಪ್ಡೇಟ್‌ಗಳು ಮೆಷಿನ್ನಿನ ಒಳಗಿನ ಗುರುತು ಸಂಖ್ಯೆ, ಎಸ್‌ಐಡಿ ಅಂತಾರೆ, ಎರಡರಲ್ಲೂ ಒಂದೇ ಇದ್ರೆ ಲಾಗಿನ್ನನ್ನ ತಿರಸ್ಕರಿಸ್ತವೆ. ಅಲ್ಲಿ ಪಾಸ್‌ವರ್ಡ್ ಬದಲಾಯಿಸ್ತಾ ಕೂತ್ರೆ ಪ್ರಯೋಜನ ಇಲ್ಲ, ಒಂದು ಮೆಷಿನ್ನನ್ನ ಸಿಸ್‌ಪ್ರೆಪ್ (ಆ ಗುರುತನ್ನ ಹೊಸದಾಗಿ ಮಾಡೋ ವಿಂಡೋಸಿನ ಟೂಲ್) ಮಾಡಿ ಇಲ್ಲಾ ಹೊಸದಾಗಿ ಇನ್‌ಸ್ಟಾಲ್ ಮಾಡಿ.

ಎಸ್‌ಎಂಬಿ1 ಆನ್ ಮಾಡಿ ಅನ್ನೋರ ಮಾತು

ಎಸ್‌ಎಂಬಿ ಅಂದ್ರೆ ವಿಂಡೋಸ್ ಫೈಲ್ ಹಂಚಿಕೊಳ್ಳೋ ಭಾಷೆ, ಎಸ್‌ಎಂಬಿ1 ಅದರ ಹಳೇ ರೂಪ. ಯೂಟ್ಯೂಬಲ್ಲಿ ಹುಡುಕಿದ್ರೆ ಮೊದಲು ಸಿಗೋ ಸಲಹೆ ಅದನ್ನ ಆನ್ ಮಾಡಿ ಅಂತಾನೇ. ಬೇಡ. 2017ರ ಮೇನಲ್ಲಿ ವಾನಾಕ್ರೈ ಅನ್ನೋ ವೈರಸ್ ಊರೂರು ಹರಡಿದ್ದು ಈ ಎಸ್‌ಎಂಬಿ1ರ ತೂತಲ್ಲೇ, ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ 1709ರಿಂದ ಮೈಕ್ರೋಸಾಫ್ಟ್ ಹೊಸ ಇನ್‌ಸ್ಟಾಲ್‌ಗಳಲ್ಲಿ ಅದನ್ನ ಹಂತ ಹಂತವಾಗಿ ತೆಗೀತಾ ಬಂತು. ಹಳೇ ವಿಂಡೋಸಲ್ಲಿ ನೆಟ್‌ವರ್ಕ್ ಪಟ್ಟಿ ಬರ್ತಿದ್ದದ್ದು ಅದರ ಆಧಾರದ ಮೇಲೆ, ಅದಕ್ಕೇ ಅದನ್ನ ಆನ್ ಮಾಡಿದ ತಕ್ಷಣ ಐಕಾನ್ ಬಂದ ಹಾಗೆ ಆಗಿ ಜನ ಖುಷಿ ಪಡ್ತಾರೆ. ಎರಡೂ ಕಡೆ ವಿಂಡೋಸ್ 10, 11 ಇದ್ರೆ ಫೈಲ್ ತೆಗೆಯೋಕೆ ಅದು ಬೇಕಾಗೇ ಇಲ್ಲ.

ನಿಜವಾಗ್ಲೂ ಸಿಕ್ಕಿಹಾಕಿಕೊಳ್ಳೋದು ಕಾಫಿ ಮೆಣಸು ತೂಕದ ವೇಬ್ರಿಡ್ಜ್ ಇರೋ ಕಡೆ, ಅಲ್ಲಿನ ಸಾಫ್ಟ್‌ವೇರ್ ಎಕ್ಸ್‌ಪಿಯಲ್ಲೇ ಓಡೋದು, ಎಕ್ಸ್‌ಪಿಗೆ ಎಸ್‌ಎಂಬಿ1 ಬಿಟ್ರೆ ಬೇರೆ ಬರಲ್ಲ. ಅದೊಂದಕ್ಕೋಸ್ಕರ ಅಕೌಂಟ್ಸ್ ಮೆಷಿನ್ ಬಾಗಿಲು ತೆಗೆದಿಡೋದಕ್ಕಿಂತ ದಿನದ ಕೊನೆಗೆ ಪೆನ್‌ಡ್ರೈವಲ್ಲಿ ತಂದು, ಸ್ಕ್ಯಾನ್ ಮಾಡಿ ಕಾಪಿ ಹಾಕೋದೇ ವಾಸಿ, ಎಕ್ಸ್‌ಪಿ ಮೆಷಿನ್ನಿಗೆ ಇಂಟರ್ನೆಟ್ ಕೇಬಲ್ಲೂ ಬೇಡ.

ರೌಟರಿಗೆ ಸಿಗಿಸಿದ ಹಾರ್ಡ್‌ಡಿಸ್ಕ್ ಅಥವಾ ಹಳೇ ಎನ್‌ಎಎಸ್ (ನೆಟ್‌ವರ್ಕಿಗೆ ಸಿಗಿಸೋ ಸ್ಟೋರೇಜ್ ಡಬ್ಬ) ವಿಂಡೋಸ್ 11 24ಎಚ್2 ಆದ ಮೇಲೆ ನಿಂತುಹೋದ್ರೆ ಕಾರಣ ಬೇರೆ: ಆ ವರ್ಷನ್ನಿಂದ ಪ್ರೊ ಎಡಿಶನ್ನಲ್ಲಿ ಎಸ್‌ಎಂಬಿ ಸೈನಿಂಗ್ (ಪ್ರತಿ ಸಂದೇಶಕ್ಕೂ ಅಸಲಿ ಅನ್ನೋ ಸಹಿ) ಕಡ್ಡಾಯ, ಪಾಸ್‌ವರ್ಡ್ ಇಲ್ಲದ ಗೆಸ್ಟ್ ಲಾಗಿನ್ ಅದರ ಜೊತೆ ಹೊಂದಲ್ಲ. ಆ ಡಬ್ಬದ ಫರ್ಮ್‌ವೇರ್ ಅಪ್ಡೇಟ್ ಮಾಡಿ ಅದರಲ್ಲಿ ಒಂದು ಯೂಸರ್, ಪಾಸ್‌ವರ್ಡ್ ಇಟ್ಟು ನೋಡಿ.

ಇಷ್ಟು ಮಾಡಿಯೂ ಆಗ್ಲಿಲ್ಲ, ಯಾರನ್ನಾದ್ರೂ ಕರೀಬೇಕು ಅಂದ್ರೆ ಸುಮ್ನೆ ಕಾಣ್ತಿಲ್ಲ ಅಂತ ಫೋನ್ ಮಾಡ್ಬೇಡಿ, ಮಡಿಕೇರಿಯಿಂದ ಕುಟ್ಟದ ತನಕ ಮಳೇಲಿ ಬರೋನಿಗೂ ಕಷ್ಟ, ನಿಮಗೂ ದುಡ್ಡು. ಎರಡೂ ಕಂಪ್ಯೂಟರಲ್ಲಿ ಐಪಿಕಾನ್ಫಿಗ್ ಸ್ಲಾಶ್ ಆಲ್ (ipconfig /all) ಹೊಡೆದ ಸ್ಕ್ರೀನು, ಪಿಂಗ್ ಉತ್ತರ, ಅದರ ಹಿಂದೇನೇ ತೆಗೆದ ಎಆರ್‌ಪಿ ಪಟ್ಟಿ, ಮತ್ತೆ ರೌಟರ್ ಹಿಂಭಾಗ ಯಾವ ಕೇಬಲ್ ಯಾವ ತೂತಲ್ಲಿದೆ ಅಂತ ಕಾಣೋ ಹಾಗೆ ಒಂದು ಫೋಟೋ, ಇಷ್ಟನ್ನ ವಾಟ್ಸಾಪಲ್ಲಿ ಹಾಕಿ. ಇಷ್ಟಿದ್ರೆ ಫೋನಲ್ಲೇ ಹೇಳಿ ಸರಿ ಮಾಡಿಸೋಕೆ ಆಗುತ್ತೆ.